ಅಕ್ಕನಿಗೆ ತಂದ ದೊಡ್ಡ ಮೀನು

ಶಾಲೆಯ ಅಡುಗೆಮನೆಗೆ ಏನೇ ಹೊತ್ತು ತಂದರೂ ಕಲೊಲೈನೆ ಸುಮ್ಮನೆ ಒಳಗೆ ಬಿಡುತ್ತಿರಲಿಲ್ಲ. ಬಾಗಿಲಲ್ಲೇ ನಿಲ್ಲಿಸಿ ಕೇಳುತ್ತಿದ್ದಳು. ಈ ಕೆಸುವಿನ ಗೆಡ್ಡೆ ಯಾವ ಹೊಲದ್ದು, ಕಿತ್ತು ಎಷ್ಟು ದಿನವಾಯಿತು, ಈ ಮೀನು ದ್ವೀಪದ ಯಾವ ಕಡೆಯ ನೀರಿನದು.

"ನನ್ನ ಮದುವೇಲಿ ಹೆಣ್ಣಿನ ಕಡೆಯೋರೂ ಇಷ್ಟು ವಿಚಾರಿಸಿರಲಿಲ್ಲ ಕಣಮ್ಮ," ಎಂದಿದ್ದ ಮುದುಕ ಮಾಕಾ.

"ವಿಚಾರಿಸಬೇಕಿತ್ತು. ಆ ಹೆಂಗಸು ಬದುಕ್ಕೊಳ್ತಿದ್ದಳು," ಎಂದು ಅವಳು ಕೊಳೆತ ನಾಲ್ಕು ಗೆಡ್ಡೆಗಳನ್ನು ಅವನ ಬುಟ್ಟಿಗೇ ವಾಪಸು ಹಾಕಿದ್ದಳು.

ಹಡಗಿನಲ್ಲಿ ಬರುವ ಡಬ್ಬಿ ಮೀನು, ಅಕ್ಕಿ ನಿಲ್ಲಿಸಿ ಮಕ್ಕಳ ಮಧ್ಯಾಹ್ನದ ಊಟಕ್ಕೆ ಈ ದ್ವೀಪದಲ್ಲೇ ಬೆಳೆದದ್ದು, ಹಿಡಿದದ್ದನ್ನೇ ಕೊಳ್ಳೋಣ ಎಂದು ಹಟ ಹಿಡಿದವಳು ಅವಳೇ. ಶಾಲೆಯ ಕಮಿಟಿಯವರು ಮೂರು ತಿಂಗಳು ನೋಡೋಣ ಎಂದಿದ್ದರು. ಬರುವ ಶುಕ್ರವಾರ ಅವರೆಲ್ಲ ಮಕ್ಕಳ ಜೊತೆ ಕೂತು ಉಂಡು, ಹೌದೋ ಅಲ್ಲವೋ ಹೇಳುವವರಿದ್ದರು. ಹೆಡ್ಮಾಸ್ತರ್ ಸಾಮಿಯುವಿಗೆ ಇದಕ್ಕೆ ಮೊದಲಿನಿಂದಲೂ ಮನಸ್ಸಿರಲಿಲ್ಲ. "ಡಬ್ಬಿ ತೆಗೆದ್ರೆ ಊಟ ಆಯ್ತು. ನೀವು ಬೆಳಿಗ್ಗೆ ಐದಕ್ಕೇ ಹೊಗೆ ಎಬ್ಬಿಸ್ತೀರಿ," ಎನ್ನುತ್ತಿದ್ದರು.

ಅವಳು ಪ್ರಶ್ನೆ ಕೇಳದೆ ಮೀನು ತೆಗೆದುಕೊಳ್ಳುತ್ತಿದ್ದದ್ದು ಒಬ್ಬನಿಂದ ಮಾತ್ರ. ಅವನು ಅವಳ ತಮ್ಮ ಪೆನಿಸಿಮಾನಿ. ಹನ್ನೆರಡು ತುಂಬಿದ ಮೇಲೆ ಅಕ್ಕ ತಮ್ಮ ಒಂದೇ ಸೂರಿನಡಿ ಕೂತವರಲ್ಲ, ಎದುರೆದುರು ಮಾತಾಡಿದವರಲ್ಲ. ಟೊಂಗಾದಲ್ಲಿ ಮರ್ಯಾದಸ್ಥರ ಮನೆಯ ಮಕ್ಕಳು ಹಾಗೆಯೇ ಬೆಳೆಯುವುದು. ಹೇಳುವುದಿದ್ದರೆ ಅವನ ಹೆಂಡತಿ ಟೆಲೆಸಿಯಾಳ ಬಾಯಿಂದ. ಗಂಡುಮಗ ದುಡಿದದ್ದರಲ್ಲಿ ಒಳ್ಳೆಯದು ಮೊದಲು ಅಕ್ಕನಿಗೆ, ಆಮೇಲೆ ಅವನ ಒಲೆಗೆ. ಹಾಗೆ ಬಂದದ್ದನ್ನು ಅಕ್ಕ ಮೂಸಿ ನೋಡಿದರೆ ತಮ್ಮನ ಮುಖಕ್ಕೆ ಉಗುಳಿದಂತೆ.

ಆ ವಾರ ಮೂರು ದಿನ ಗಾಳಿ ಬೀಸಿ ಯಾರೂ ದೋಣಿ ಇಳಿಸಲಿಲ್ಲ. ಶುಕ್ರವಾರ ಬೆಳಿಗ್ಗೆ ಟೆಲೆಸಿಯಾ ಕೈಗಾಡಿ ತಳ್ಳಿಕೊಂಡು ಬಂದಳು. ತೆಂಗಿನ ಗರಿಯ ಕೆಳಗೆ ಎರಡು ಕೆಂಪು ಮೀನು, ಒಂದೊಂದೂ ಒಂದನೇ ಕ್ಲಾಸಿನ ಮಗುವಿನಷ್ಟು ಉದ್ದ.

ಕಲೊಲೈನೆ ಗರಿ ಸರಿಸಿ ನೋಡಿದಳು. ಇಷ್ಟು ದೊಡ್ಡ ಕೆಂಪು ಮೀನು ಹತ್ತಿರದ ನೀರಿನಲ್ಲಿ ಸಿಕ್ಕುವುದಿಲ್ಲ.

"ಎಲ್ಲಿ ಹೋಗಿದ್ದನಂತೆ?"

"ಹೇಳಿಲ್ಲ ಅಕ್ಕಾ. ಕತ್ತಲಿರೋವಾಗ್ಲೇ ಹೋದ್ರು. ಕಮಿಟಿಯೋರು ಬರ್ತಾರೆ, ಅಕ್ಕನ ಎಲೆ ಮೇಲೆ ಸಣ್ಣ ಮೀನಿಟ್ರೆ ಜನ ನಗ್ತಾರೆ ಅಂದ್ರು."

"ಪಡುವಣ ಕಡೆ ಹೋಗಿಲ್ಲ ತಾನೆ?"

ಪಡುವಣದ ಹವಳದ ದಿಬ್ಬದ ಮೇಲೆ ಒಂದು ಹಡಗು ಒಡೆದು ಬಿದ್ದಿತ್ತು. ಅಂದಿನಿಂದ ಅಲ್ಲಿಯ ಮೀನಿನಲ್ಲಿ ನಂಜು ಎಂದು ಹಿರಿಯರು ಯಾರೂ ಅತ್ತ ಹೋಗುತ್ತಿರಲಿಲ್ಲ. ಅದಾಗಿ ಹನ್ನೊಂದು ವರ್ಷ.

ಟೆಲೆಸಿಯಾ ಗಾಡಿಯ ಹಿಡಿ ನೋಡುತ್ತ ನಿಂತಳು. "ನಾನು ಹೋಗಿ ಕೇಳ್ಲಾ? ಅಕ್ಕ ಕೇಳಿದ್ರು ಅಂತ ಹೇಳ್ಲಾ?"

ಅದನ್ನು ಕೇಳಿದರೆ ತಮ್ಮನಿಗೆ ಏನು ಕೇಳಿಸುತ್ತದೆಂದು ಕಲೊಲೈನೆಗೆ ಗೊತ್ತಿತ್ತು. ಅಕ್ಕನಿಗೆ ವಿಷ ಕೊಟ್ಟೆಯಾ ಎಂದೇ ಕೇಳಿಸುತ್ತದೆ.

"ಬೇಡ. ಇಳಿಸು," ಎಂದಳು.

ಆದರೂ ಅಜ್ಜಿ ಮಾಡುತ್ತಿದ್ದಂತೆ ಮೀನನ್ನು ಬಿಸಿಲಿಗಿಟ್ಟು ನೊಣ ಕೂರುತ್ತವೋ ನೋಡಿದಳು; ನಂಜಿದ್ದರೆ ಕೂರುವುದಿಲ್ಲವಂತೆ. ಕೂತವು. ಬಾಲದ ಹತ್ತಿರದ ಚೂರನ್ನು ಬೆಕ್ಕಿಗೆ ಹಾಕಿದಳು. ಬೆಕ್ಕು ತಿಂದು, ಮೀಸೆ ಒರೆಸಿಕೊಂಡು ಹೊಸ್ತಿಲ ಮೇಲೆ ಮಲಗಿತು. ಗಂಟೆ ಒಂಬತ್ತಾಗಿತ್ತು. ಮೀನಿನ ಹೊಟ್ಟೆ ಸೀಳಿ, ತೆಂಗಿನ ಹಾಲು ಹಾಕಿ ಕೆಸುವಿನ ಎಲೆಯಲ್ಲಿ ಸುತ್ತಿ, ನೆಲದ ಒಲೆಯ ಬಿಸಿ ಕಲ್ಲುಗಳ ಮೇಲಿಟ್ಟು ಮಣ್ಣು ಮುಚ್ಚಿದಳು.

ಊಟ ಚೆನ್ನಾಗಿತ್ತು. ಕಮಿಟಿಯವರು ಎರಡೆರಡು ಸಲ ಬಡಿಸಿಕೊಂಡರು. ಮೀನಿನ ತಲೆ ಹೆಡ್ಮಾಸ್ತರಿಗೆ ಹೋಯಿತು. ಅವರು ಕಣ್ಣಿನ ಸುತ್ತಲಿನ ಮಾಂಸ ಚೀಪುತ್ತ, "ನಾನು ಸೋತೆ. ಹೊಗೆ ಎಬ್ಬಿಸ್ಕೊಳ್ಳಿ," ಎಂದರು. ಎಲ್ಲರೂ ನಕ್ಕರು.

ನಲವತ್ತು ಮಕ್ಕಳ ಸಾಲಿನ ಕೊನೆಯಲ್ಲಿ ಪೆನಿಸಿಮಾನಿಯ ಮಗಳು ಫುಸಿ ನಿಂತಿದ್ದಳು. ಆರು ವರ್ಷ. ಅತ್ತೆಯೆದುರು ತಲೆ ಎತ್ತದ ಮಗು. ಕಲೊಲೈನೆ ಅವಳಿಗೆಂದೇ ಬೇರೆ ಎಲೆಯಲ್ಲಿ ಬೇಯಿಸಿಟ್ಟಿದ್ದ, ಮೀನಿನ ಹೊಟ್ಟೆಯೊಳಗಿನ ಈಲಿಯನ್ನು ತಟ್ಟೆಗೆ ಹಾಕಿದಳು. ಮೃದು, ಎಣ್ಣೆಯೆಣ್ಣೆ, ಮೀನಿನಲ್ಲೆಲ್ಲ ಒಳ್ಳೆಯ ಭಾಗ. ಹುಡುಗಿ ಅಲ್ಲೇ ನಿಂತು, ಅತ್ತೆ ನೋಡುತ್ತಿದ್ದಾಳೆಂದು ಒಂದು ಚೂರೂ ಬಿಡದೆ ನುಂಗಿದಳು.

ನಾಲ್ಕು ಗಂಟೆಗೆ ಪಾತ್ರೆ ತೊಳೆಯಲು ತಣ್ಣೀರಿಗೆ ಕೈ ಹಾಕಿದ ಕಲೊಲೈನೆ ಸಟ್ಟನೆ ಹಿಂದೆಗೆದಳು. ನೀರು ಸುಟ್ಟಿತು. ಒಲೆಯ ಮೇಲಿನ ನೀರಲ್ಲವಲ್ಲ ಎಂದು ಮತ್ತೆ ಮುಟ್ಟಿದಳು. ಮತ್ತೆ ಸುಟ್ಟಿತು. ತುಟಿಯಲ್ಲಿ ಇರುವೆ ಹರಿದಂತಾಗುತ್ತಿತ್ತು. ಆ ಮೀನನ್ನು ಅವಳೂ ತಿಂದಿದ್ದಳು; ನಂಜಿನ ಮೀನು ತಿಂದವರಿಗೆ ತಣ್ಣಗಿನದೂ ಸುಡುತ್ತದೆ ಎಂದು ಅಜ್ಜಿ ಹೇಳುತ್ತಿದ್ದದ್ದು ನೆನಪಾಯಿತು. ಹೊಸ್ತಿಲ ಮೇಲೆ ಬೆಕ್ಕು ಹಿಂಗಾಲು ಎಳೆಯುತ್ತ ವಾಂತಿ ಮಾಡುತ್ತಿತ್ತು. ಅವಳು ಸೌಟನ್ನು ಅಲ್ಲೇ ಬಿಟ್ಟು ಆಸ್ಪತ್ರೆಗೆ ಓಡಿದಳು.

ಆಸ್ಪತ್ರೆ ಎಂದರೆ ಎರಡು ಕೋಣೆ, ಒಬ್ಬಳು ನರ್ಸು. ಆಗಲೇ ಹದಿನೇಳು ಮಕ್ಕಳು ಚಾಪೆಯ ಮೇಲಿದ್ದರು. ಹೆಡ್ಮಾಸ್ತರು ಬಕೆಟ್ ತಬ್ಬಿಕೊಂಡು ಕೂತಿದ್ದರು. ಫುಸಿ ಕಿಟಕಿಯ ಪಕ್ಕ ಮಲಗಿದ್ದಳು. ನರ್ಸ್ ವಿಕಾ ಅವಳ ಮಣಿಕಟ್ಟು ಹಿಡಿದಿದ್ದಳು. ಉಳಿದ ಮಕ್ಕಳು ಅಳುತ್ತಿದ್ದರು, ಇವಳು ಅಳುತ್ತಿರಲಿಲ್ಲ.

"ನಾಡಿ ತುಂಬ ನಿಧಾನ ಇದೆ. ಮೀನಿನ ಲಿವರ್ ತಿಂದಳಂತೆ, ನಂಜೆಲ್ಲ ಅಲ್ಲೇ ಕೂರೋದು. ವಿಮಾನಕ್ಕೆ ಹೇಳಿದೀನಿ, ಬೆಳಿಗ್ಗೆಗೆ ಮುಂಚೆ ಬರಲ್ಲ," ಎಂದಳು ವಿಕಾ. "ಕಲೊಲೈನೆ, ಮೀನು ಎಲ್ಲೀದು? ಇನ್ನು ಯಾರ ಮನೆಗೆ ಹೋಗಿದೆ? ಅದು ಮೊದಲು ಗೊತ್ತಾಗ್ಬೇಕು."

ಪೆನಿಸಿಮಾನಿ ಹೊರಗೆ ಗೋಡೆಗೆ ಒರಗಿ ನಿಂತಿದ್ದ. ಅಕ್ಕ ಒಳಗಿದ್ದಾಳೆಂದು ಮಗಳ ಹತ್ತಿರ ಬಂದಿರಲಿಲ್ಲ. ಟೆಲೆಸಿಯಾ ಮಗಳ ಕಾಲುಜ್ಜುತ್ತ ಕೂತಿದ್ದಳು. ಅವಳನ್ನು ಎಬ್ಬಿಸಿ ಕಳಿಸಲು ಕಲೊಲೈನೆಗೆ ಬಾಯಿ ಬರಲಿಲ್ಲ. ತಾನೇ ಹೊರಗೆ ಬಂದು ತಮ್ಮನೆದುರು ನಿಂತಳು. ಇಪ್ಪತ್ತಾರು ವರ್ಷವಾಗಿತ್ತು ಹೀಗೆ ನಿಂತು. ಅವನ ಕೂದಲು ಇಷ್ಟು ಬೆಳ್ಳಗಾಗಿದ್ದು ಅವಳಿಗೆ ಗೊತ್ತೇ ಇರಲಿಲ್ಲ.

"ಪೆನಿ, ಎಲ್ಲಿ ಹಿಡಿದೆ?"

ಅವನು ತಟಕ್ಕನೆ ನೆಲ ನೋಡಿದ. ಜಗಲಿಯಲ್ಲಿದ್ದ ಜನ ಮುಖ ತಿರುಗಿಸಿಕೊಂಡರು.

"ಹಡಗಿನ ಹತ್ರ," ಎಂದ. "ಬೇರೆ ಕಡೆ ಅಂಗೈಯಷ್ಟಷ್ಟೇ ಇತ್ತು. ಹನ್ನೊಂದು ವರ್ಷ ಆಯ್ತಲ್ಲ, ನಂಜು ಹೋಗಿರುತ್ತೆ ಅಂದ್ಕೊಂಡೆ."

"ಇನ್ನು ಯಾರಿಗೆ ಕೊಟ್ಟೆ?"

"ಪಾದ್ರಿಗಳ ಮನೆಗೆ ಒಂದು. ನಮ್ಮನೆಗೆ ಇಟ್ಕೊಳ್ಳಲಿಲ್ಲ."

ಯಾರೋ ಪಾದ್ರಿಗಳ ಮನೆಗೆ ಓಡಿದರು. ಅಲ್ಲಿ ಮೀನು ಇನ್ನೂ ಒಲೆಯ ಮೇಲೇ ಇತ್ತು. ಆ ಮನೆಯ ಏಳು ಜನ ಉಳಿದುಕೊಂಡರು.

ಫುಸಿ ಬೆಳಗಿನ ವಿಮಾನ ಬರುವ ತನಕ ಉಳಿಯಲಿಲ್ಲ.

ಭಾನುವಾರ ಕಳೆದು ಮಣ್ಣು ಮಾಡುವುದೆಂದಾಯಿತು. ಸತ್ತವರ ತಲೆಯ ಬಳಿ ಕೂರುವ ದೊಡ್ಡ ಜಾಗ ತಂದೆಯ ಅಕ್ಕನದು. ಕಲೊಲೈನೆ ತನ್ನ ಮನೆಯ ಬಾಗಿಲು ಹಾಕಿಕೊಂಡು, "ಬೇರೆ ಯಾರನ್ನಾದ್ರೂ ಕೂರಿಸಿ. ನನ್ನ ಕೈಯಾರೆ ಕೊಟ್ಟಿದ್ದು ಅದು," ಎಂದಳು.

ಕರೆಯಲು ಬಂದಿದ್ದ ಮಾಕಾ ಹೊರಗೆ ಕುಕ್ಕರಗಾಲಲ್ಲಿ ಕೂತ. "ತಾಯಿ, ನೀನು ಬರದಿದ್ರೆ ಮಗು ಯಾರೂ ಇಲ್ಲದ್ದರ ಹಾಗೆ ಹೋಗುತ್ತೆ. ಹೇಳಿ ಕಳಿಸಿದ್ದು ನಾನಲ್ಲ. ನಿನ್ನ ತಮ್ಮ."

ಹೋದಳು. ಕರಿ ಬಟ್ಟೆಯುಟ್ಟು ಕೇದಗೆ ಚಾಪೆಗಳ ರಾಶಿಯ ಮೇಲೆ ಹುಡುಗಿಯ ತಲೆಯ ಬಳಿ ಕೂತಳು. ಹಣೆಯ ಮೇಲೆ ಕೈಯಿಟ್ಟಾಗ ಆ ತಂಪು ಕೆಂಡದಂತೆ ಸುಟ್ಟಿತು. ಕೈ ತೆಗೆಯಲಿಲ್ಲ. ಪೆನಿಸಿಮಾನಿ, ಸೂತಕದವರು ಸುತ್ತಿಕೊಳ್ಳುವ ಹರಿದ ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡು, ಹಿತ್ತಲಲ್ಲಿ ಒಲೆಗೆ ಸೌದೆ ಒಟ್ಟುತ್ತಿದ್ದ. ಅಕ್ಕ ಕೂತಿದ್ದರಿಂದ ಮಗಳ ಹತ್ತಿರ ಬರುವ ಹಾಗಿರಲಿಲ್ಲ.

ಜನ ಸಾಲಾಗಿ ಬಂದರು. ಮೊದಲು ಮಗುವಿನ ಹಣೆಗೆ ಮುತ್ತು, ಆಮೇಲೆ ಅತ್ತೆಯ ಕೈಗೆ. ಕೊನೆಗೆ ಟೆಲೆಸಿಯಾ ಮಂಡಿಯೂರಿ ತೆವಳುತ್ತ ಬಂದು ಮಗಳ ಮುಖಕ್ಕೆ ಮುಖವಿಟ್ಟು ತುಂಬ ಹೊತ್ತು ಇದ್ದಳು. ತಲೆ ಎತ್ತಿದಾಗ ಅವಳ ದನಿ ಕಲೊಲೈನೆಗಷ್ಟೇ ಕೇಳಿಸುವಷ್ಟಿತ್ತು.

"ಅವಳಿಗೆ ಈಲಿ ಸೇರ್ತಿರಲಿಲ್ಲ ಅಕ್ಕಾ. ಮನೇಲಿ ಕೊಟ್ರೆ ಉಗೀತಿದ್ದಳು. ಅತ್ತೆ ಕೊಟ್ಟಿದ್ದು, ಬೇಡ ಅನ್ನಬಾರದು ಅಂತ ತಿಂದೆ ಅಂದಳು."

ಹಾಗೆಂದು ಟೆಲೆಸಿಯಾ ಬಾಗಿ ಅತ್ತಿಗೆಯ ಕೈಗೆ ಮುತ್ತಿಟ್ಟು, ಹಿಂದಿದ್ದವರಿಗೆ ದಾರಿ ಬಿಟ್ಟು ಸರಿದಳು.