ಬನಹಟ್ಟಿಯ ಬೇವು

ಬನಹಟ್ಟಿಯ ಹೊಸ ಹೆರಿಗೆ ಆಸ್ಪತ್ರೆಯ ಕೆಲಸ ತನಗೇ ಸಿಗುತ್ತದೆಂದು ಎಂಜಿನಿಯರ್ ಸಿದ್ಧಾಂತ ನಂಬಿದ್ದ. ಜಮಖಂಡಿ ಪೇಟೆಯ ಗಾಜಿನ ಮುಖದ ಕಟ್ಟಡಗಳೆಲ್ಲ ಬಹುಪಾಲು ಅವನವೇ. ಆದರೆ ಜಾಗದ ಮಾಲೀಕ ಬಾಳಾಸಾಹೇಬರು ಕೆಲಸವನ್ನು ಕ್ಷಮಾಳಿಗೆ ಕೊಟ್ಟರು. ಅವನ ಆಫೀಸಿನಲ್ಲೇ ಕೆಲಸ ಕಲಿತು ಹೋದ ಹುಡುಗಿ ಅವಳು.

ಅವಳ ನಕ್ಷೆ ನೋಡಿದ ದಿನ ಅವನಿಗೆ ಊಟ ಸೇರಲಿಲ್ಲ. ಜಾಗದ ನಡುವಿದ್ದ ಹಳೆಯ ಬೇವಿನ ಮರವನ್ನು ಹಾಗೇ ಉಳಿಸಿ, ಅದರ ಸುತ್ತ ಕೋಣೆಗಳನ್ನು ಹೊಂದಿಸಿದ್ದಳು. ಪಡುವಣ ಬಿಸಿಲು ತಡೆದು ಗಾಳಿಯನ್ನಷ್ಟೇ ಒಳಬಿಡಲು, ತೂತು ಬಿಟ್ಟು ಕಟ್ಟುವ ಇಟ್ಟಿಗೆ ಗೋಡೆ. ಮಲಗಿದವರಿಗೂ ಮರ ಕಾಣುವಂತೆ ಕೆಳಕ್ಕಿಳಿದ ಕಿಟಕಿಗಳು. ತಪ್ಪು ಹುಡುಕಿ ಹುಡುಕಿ ಸೋತ. ಇದು ನನಗ್ಯಾಕೆ ಹೊಳೆಯಲಿಲ್ಲ ಎಂಬ ಉರಿಯೊಂದೇ ಉಳಿಯಿತು.

ಒಂದು ಸಂಜೆ ಬಾಳಾಸಾಹೇಬರ ಅಂಗಡಿಯಲ್ಲಿ ಚಹಾ ಕುಡಿಯುತ್ತ, ಬೇರುಗಳು ಪಾಯಕ್ಕೆ ನುಗ್ಗಿ ಗೋಡೆ ಸೀಳಿಬಿಡುತ್ತವೆ ಎಂದು ಮೆಲ್ಲಗೆ ಹೇಳಿಬಂದ. ಅವರು ಹೆದರಿ, ಮರ ಕಡಿಯುವವರಿಗೆ ಹೇಳಿಕಳಿಸಿದರು.

ಮರುದಿನ ಕ್ಷಮಾ ಅವನ ಆಫೀಸಿಗೇ ಬಂದಳು. ಅತ್ತು ಕಣ್ಣು ಕೆಂಪಾಗಿದ್ದವು.

"ಯಾರೋ ಅವರ ತಲ್ಯಾಗ ಹುಳ ಬಿಟ್ಟಾರ್ರಿ ಸರ್. ನೀವು ಒಂದ್ ಮಾತು ಹೇಳ್ರಿ. ನಿಮ್ಮ ಮ್ಯಾಲ ಅವರಿಗೆ ಭಾಳ ನಂಬಿಗಿ ಐತಿ."

ಅವಳು ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳನ್ನು ಕೂರಿಸಿಕೊಂಡು ಕಾರು ತೆಗೆದ. ಇಬ್ಬರೂ ಜಾಗ ಮುಟ್ಟುವಷ್ಟರಲ್ಲಿ ಕೊಂಬೆಗಳಿಗೆ ಹಗ್ಗ ಬಿದ್ದಿತ್ತು. ಮರದ ಬುಡದಲ್ಲಿ ನಿಂತಿದ್ದ ಬಾಳಾಸಾಹೇಬರ ಬಳಿಗೆ ಸಿದ್ಧಾಂತ ಓಡಿದ.

"ನಾ ಹೇಳಿದ್ದು ತಪ್ಪಾತ್ರಿ ಸಾಹೇಬ್ರ. ಈಕಿ ಪಾಯಾ ಸಾಕಷ್ಟು ದೂರ ಹಿಡದಾಳ. ಗಿಡಕ್ಕ ಕೈ ಹಚ್ಚಬ್ಯಾಡ್ರಿ."

ಹಗ್ಗ ಬಿಚ್ಚಿದರು. ಬೆನ್ನ ಹಿಂದೆಯೇ ನಿಂತಿದ್ದ ಕ್ಷಮಾ ಎಲ್ಲ ಕೇಳಿಸಿಕೊಂಡಿದ್ದಳು. ಬಸ್ಸಿಗೇ ಹೋಗುವುದಾಗಿ ಹೇಳಿ ನಡೆದುಬಿಟ್ಟಳು.

ಆಸ್ಪತ್ರೆ ಶುರುವಾದ ಮೇಲೆ, ತಡೆಯಲಾರದೆ ಅವನೊಮ್ಮೆ ನೋಡಲು ಹೋದ. ಬಾಣಂತಿಯೊಬ್ಬಳು ಕೂಸನ್ನು ಪಕ್ಕಕ್ಕೆ ಹಾಕಿಕೊಂಡು, ಕೊಂಬೆಯ ಅಳಿಲುಗಳನ್ನು ನೋಡುತ್ತ ಮಲಗಿದ್ದಳು. ಹೊರಗೆ ಅಷ್ಟು ಬಿಸಿಲಿದ್ದರೂ ಒಳಗೆ ತಂಪು. ಮೊಗಸಾಲೆಯಲ್ಲಿ ಸಿಕ್ಕ ಕ್ಷಮಾಳನ್ನು, ಕಿಟಕಿಯ ಎತ್ತರ ಹೇಗೆ ಗೊತ್ತುಮಾಡಿದಿ ಎಂದು ಕೇಳಿದ.

"ಒಂದು ಮಂಚ ತರಿಸಿ ಮಲಗಿ ನೋಡಿದ್ನಿರಿ" ಎಂದಳು. ಸರ್ ಅನ್ನಲಿಲ್ಲ.

ಹೊಟ್ಟೆಯ ಕಿಚ್ಚು ಆರಿರಲಿಲ್ಲ, ಇನ್ನಷ್ಟು ಸುಡುತ್ತಿತ್ತು. ಇದಕ್ಕಿಂತ ಛಲೋ ಕಟ್ಟಿ ತೋರಿಸುತ್ತೇನೆಂದು ಅಲ್ಲಿಂದ ನೇರ ಮುಧೋಳಕ್ಕೆ, ತನ್ನ ಹೊಸ ಕೆಲಸದ ಜಾಗಕ್ಕೆ ಹೋದ. ಅಲ್ಲಿದ್ದ ಜೋಡಿ ಹುಣಸೆಮರಗಳನ್ನು ಹೋದ ತಿಂಗಳು ಅವನೇ ನಿಂತು ಕಡಿಸಿದ್ದ. ಬಟಾಬಯಲಿನಲ್ಲಿ ನಿಲ್ಲಲು ನೆರಳಿಲ್ಲದೆ ಕಾರಿನೊಳಗೇ ಕೂತ.