ತಾಂಡಾ ನೋಡಲು ಬಂದವರು

“ಹತ್ತೇ ರಂಡೆ! ಲಾರಿ ಏನ್ ನಿಮ್ಮಪ್ಪಂದಾ, ಕಾಯ್ತಾ ನಿಲ್ಲಕ್ಕೆ?”

ಕಂದಾಯ ಇಲಾಖೆಯ ಶೇಕದಾರ ಮುರುಗೇಶಪ್ಪ ದೇವ್ಲಿಯ ಬೆನ್ನಿಗೆ ತಿವಿದ. ಭದ್ರಾವತಿಯ ಓಲ್ಡ್ ಟೌನಿನ ಆಚೆ ಜಲ್ಲಿ ಒಡೆಯುತ್ತಿದ್ದ ಹನ್ನೊಂದು ಮಂದಿ ಲಂಬಾಣಿ ಹೆಂಗಸರನ್ನು ಅವನು ಹುಡುಕಿ ಒಟ್ಟುಮಾಡಿದ್ದ. ಬೆಂಗಳೂರಿನ ದೊಡ್ಡ ಸಾಹೇಬರು ಹೆಂಡತಿಯೊಡನೆ ಶಿವಮೊಗ್ಗಕ್ಕೆ ಬಂದಿಳಿದಿದ್ದರು. ಜಿಲ್ಲೆಯ ಗಡಿಯಂಚಿನ ಹಳೆಯ ಕಲ್ಲುಗುಡಿಯನ್ನೂ ಪಕ್ಕದ ತಾಂಡಾವನ್ನೂ ಅವರು ನೋಡಬೇಕಂತೆ. ತಾಂಡಾದಲ್ಲೋ ಮುದುಕಿಯರ ಹೊರತು ಯಾರೂ ಇಲ್ಲ. ಉಳಿದವರೆಲ್ಲ ಹೊಟ್ಟೆಪಾಡಿಗೆ ಭದ್ರಾವತಿ ಸೇರಿದ್ದರು.

“ನಮ್ಮೂರಿಗೆ ನಮ್ಮನ್ನೇ ನೆಂಟ್ರು ಮಾಡಿ ಕರ್ಕೊಂಡ್ ಹೋಗ್ತಾರಲ್ಲೇ ಮಾರಾಯ್ತಿ!” ರೂಪ್ಲಿ ನಕ್ಕಳು.

“ನೆಂಟ್ರಲ್ಲ ಬೇಟಿ, ಸರ್ಕಸ್ಸು,” ಎಂದ ಲಾರಿಯ ಡ್ರೈವರ್ ರಸೂಲ್ ಸಾಬ್.

ಗುಡಿಯ ಮುಂದೆ ಇಳಿಸಿದ ಮೇಲೆ ಮುರುಗೇಶಪ್ಪ ಗಂಟು ಬಿಚ್ಚಿದ. ಕನ್ನಡಿ ಹೊಲಿದ ಲಂಗಗಳು, ಪೇಟೆಯಿಂದ ತಂದ ಬಿಳಿ ಬಳೆಗಳು.

“ದೇವ್ಲಿ, ತೋಳ್ ತುಂಬ ಹಾಕ್ಕೋ. ನೀನೇ ಮುಂದೆ ನಿಲ್ಬೇಕು.”

“ಸ್ವಾಮಿ, ತೋಳ್ಬಳೆ ಗಂಡ ಇರೋರಿಗೆ. ನಮ್ಮೋನು ಸತ್ತು ಇನ್ನೂ ಆರ್ ತಿಂಗ್ಳಾಗಿಲ್ಲ.”

ಗುಡಿಗೆ ಜೀಪು ಬರಲೆಂದು ಬಂಡೆ ಸಿಡಿಸಿ ರಸ್ತೆ ಮಾಡುವಾಗಲೇ ಅವನು ಸತ್ತಿದ್ದ. ಅಂದು ಮುದುಕಿಯರು ಬಳೆ ಕಳಚಿದ ದೇವ್ಲಿಯ ತೋಳಿನ ಚರ್ಮ ಇನ್ನೂ ಬಿಸಿಲು ಕಾಣದ ಬಣ್ಣದಲ್ಲೇ ಇತ್ತು.

“ಫೋಟೋಕ್ಕೇನ್ ಗೊತ್ತಾಗುತ್ತೇ ನಿನ್ ಗಂಡ ಸತ್ತಿದ್ದು? ನಿಮ್ಮತ್ತೆ ಗುಡಿಸ್ಲು ಸರ್ಕಾರಿ ಜಾಗದಲ್ಲೈತೆ. ನಾಳೆ ಕೀಳಿಸ್ಲಾ?”

ದೇವ್ಲಿ ತೋಳು ಚಾಚಿದಳು. ರೂಪ್ಲಿ ಅವಳ ಮುಖ ನೋಡದೆ ಒಂದೊಂದೇ ಬಳೆ ಏರಿಸಿದಳು. ಗುಡಿಸಲ ಬಾಗಿಲಲ್ಲಿ ಕೂತಿದ್ದ ಅತ್ತೆ ಸೆರಗನ್ನು ಮುಖಕ್ಕೆ ಎಳೆದುಕೊಂಡಳು.

ಜೀಪು ಬಂತು. ಸಾಹೇಬರೂ ಅವರ ಹೆಂಡತಿಯೂ ಪೂಜೆ ಮುಗಿಸಿ ಹೊರಬಂದರು.

“ದೂರ ಸರೀರೇ, ಅಮ್ಮೋರಿಗೆ ಸೋಕೀತು!” ಸಾಹೇಬರ ಹೆಂಡತಿಗೆ ದಾರಿ ಬಿಡಿಸುತ್ತ ಪೂಜಾರಿ ಹಾಲಸ್ವಾಮಿ ಕೂಗಿದ.

“ಎಷ್ಟು ಚೆನ್ನಾಗಿದಾರೆ! ಒಂದು ಹಾಡು ಹೇಳಿಸ್ರೀ,” ಎಂದರು ಅಮ್ಮ.

“ಹಾಡೇ!” ಎಂದ ಮುರುಗೇಶಪ್ಪ.

ದೇವ್ಲಿ ರೂಪ್ಲಿಯ ಕೊರಳು ತಬ್ಬಿ ರಾಗ ಎತ್ತಿದಳು. ಹೆಣದ ಮುಂದೆ ಎತ್ತುವ ರಾಗ. ರೂಪ್ಲಿ ಬೆಚ್ಚಿದಳು, ಆಮೇಲೆ ದನಿ ಕೂಡಿಸಿದಳು. ಎಲ್ಲರೂ ಕೂಡಿಸಿದರು. ಅಮ್ಮ ತಲೆದೂಗುತ್ತ ಚಪ್ಪಾಳೆಯಲ್ಲಿ ತಾಳ ಹಾಕಿದರು. ಸಾಹೇಬರು ಕ್ಯಾಮೆರಾ ಎತ್ತಿದರು. ಅಷ್ಟರಲ್ಲಿ ಅತ್ತೆ “ಲಾಲ್ಯಾ! ಲಾಲ್ಯಾ!” ಎಂದು ಸತ್ತ ಮಗನ ಹೆಸರು ಕೂಗಿ ಎದೆ ಬಡಿದುಕೊಳ್ಳುತ್ತ ಓಡಿಬಂದಳು. ಚಪ್ಪಾಳೆ ನಿಂತಿತು.

ದೇವ್ಲಿ ಬಳೆಗಳನ್ನು ಕಿತ್ತು ಕಿತ್ತು ಅಮ್ಮನ ಕಾಲ ಬಳಿ ಹಾಕತೊಡಗಿದಳು. ಅಮ್ಮ ಹಿಂದೆ ಸರಿದರು.

“ಏನ್ರೀ ಹಾಡ್ತಿದಾಳೆ ಇವಳು?”

“ಮದ್ವೆ ಹಾಡು ತಾಯಿ,” ಎಂದ ಮುರುಗೇಶಪ್ಪ, ಬೆವರುತ್ತ.

“ಅಲ್ಲವ್ವ,” ಎಂದಳು ದೇವ್ಲಿ. “ಸತ್ತ ಗಂಡನ್ನ ನೆನೆಸ್ಕೊಂಡ್ ಅಳ್ತಿದೀನಿ. ಈಗ ನೀವು ಬಂದ್ರಲ್ಲ, ಆ ರೋಡು ಮಾಡಕ್ಕೋಗಿ ಸತ್ತೋನು.”

“ಬಾಯ್ ಮುಚ್ಚೇ ಸೂಳೆ!” ಮುರುಗೇಶಪ್ಪ ಅಬ್ಬರಿಸಿದ.

ಸಾಹೇಬರು ಹೆಂಡತಿಯನ್ನು ಅವಸರದಿಂದ ಜೀಪಿಗೆ ಹತ್ತಿಸಿದರು. ದೇವ್ಲಿ ಜೀಪಿನ ಮುಂದಕ್ಕೆ ನಡೆದಳು. ಹಿಂದೆಯೇ ಉಳಿದವರು ನಡೆದರು. ಜೀಪಿನ ಹಾರನ್ನು ಬಡಿದುಕೊಳ್ಳುತ್ತಲೇ ಇತ್ತು. ಹನ್ನೊಂದು ಮಂದಿ ಹೆಂಗಸರೂ ಒಬ್ಬ ಮುದುಕಿಯೂ ರಸ್ತೆಯ ನಟ್ಟನಡುವೆ, ಒಂದು ಹೆಣ ಮಲಗುವಷ್ಟು ಜಾಗ ಬಿಟ್ಟು, ಸುತ್ತ ಕೂತರು.