ನಾರ್ಮಲ್ ಎಂದು ಬರೆದ ಟ್ಯೂಬು

"ಮಷೀನು ಚೆನ್ನಾಗೇ ಇದೆ ಅಕ್ಕಾ," ಎಂದ ರಿಪೇರಿಯವನು. ಕಂಪನಿಯಿಂದ ತಂದ ಸೀಲಿನ ಬಾಟಲಿಯ ದ್ರವವನ್ನು ರಕ್ತಪರೀಕ್ಷೆಯ ಆ ಮಷೀನಿನಲ್ಲಿ ಮೂರು ಸಲ ಓಡಿಸಿದ್ದ. ಮೂವತ್ತೆಂಟು ಬರಬೇಕಿತ್ತು, ಮೂರು ಸಲವೂ ಮೂವತ್ತೆಂಟೇ ಬಂತು.

"ಸರಿಯಾಗಿ ನೋಡಪ್ಪಾ. ಒಂದೂವರೆ ವರ್ಷದಿಂದ ಇಪ್ಪತ್ತು ಜಾಸ್ತಿ ತೋರಿಸ್ತಿದೆ."

"ಯಾವುದಕ್ಕಿಂತ ಜಾಸ್ತಿ?"

ಲ್ಯಾಬಿನಾಕೆ ಫ್ರಿಜ್ಜಿನಿಂದ ಒಂದು ಟ್ಯೂಬು ತೆಗೆದು ಕೊಟ್ಟಳು. ಮೇಲೆ ಅವಳದೇ ದುಂಡು ಅಕ್ಷರದಲ್ಲಿ 'ನಾರ್ಮಲ್' ಎಂದಿತ್ತು. "ಒಳಗಿರೋದು ನನ್ನದೇ ರಕ್ತ," ಎಂದಳು. ಸೀಲಿನ ಬಾಟಲಿಗೆ ಕಾಯುತ್ತ ಕೂತರೆ ಲ್ಯಾಬು ನಡೆಯುತ್ತದೆಯೇ? ಪ್ರತಿ ಸೋಮವಾರ ತನ್ನ ತೋಳಿನಿಂದಲೇ ತೆಗೆದು, ಅದನ್ನೇ ಮೊದಲು ಓಡಿಸಿ, ಮಷೀನಿನ ಯೋಗಕ್ಷೇಮ ನೋಡುವುದು ಅವಳ ಪದ್ಧತಿ. ಕುಡಿಯುವವಳಲ್ಲ, ಒಂದು ದಿನ ಜ್ವರವೆಂದು ಮಲಗಿದವಳಲ್ಲ. ಅವಳಿಗಿಂತ ನಾರ್ಮಲ್ ಇನ್ಯಾರು? ನಲವತ್ತರೊಳಗೆ ಇರಬೇಕಾದ ಲಿವರಿನ ಎಸ್‌ಜಿಪಿಟಿ ಅದನ್ನು ದಾಟಿದಾಗ ಮಷೀನಿಗೆ ಬೈದಳು. ಅರವತ್ತಾದಾಗಲೂ ಮಷೀನಿಗೇ ಬೈದಳು. ನಡುವೆ ಒಮ್ಮೆ, ಸೊಂಟದ ಹತ್ತಿರ ಬಟ್ಟೆ ಬಿಗಿಯಾಯಿತೆಂದು ದರ್ಜಿಗೂ ಬೈದಿದ್ದಳು.

ರಿಪೇರಿಯವನು ಟ್ಯೂಬನ್ನೂ ಅವಳನ್ನೂ ನೋಡಿದ. "ಡಾಕ್ಟರಿಗೆ ತೋರಿಸಿ ಅಕ್ಕಾ. ಕುಡೀದೇ ಇದ್ರೂ ಲಿವರಲ್ಲಿ ಕೊಬ್ಬು ಕೂರುತ್ತೆ. ಆಮೇಲೆ ಶುಗರ್ರು, ಹಾರ್ಟು..."

ಅದನ್ನು ಅವಳೇ ಎಷ್ಟೋ ಜನಕ್ಕೆ ಹೇಳಿದ್ದಳು.

ಅವಳು ಹೆದರಿದ್ದು ತನಗಾಗಿ ಅಲ್ಲ. ಹೋದ ವರ್ಷ ತಮ್ಮ ಬಂದು ಪರೀಕ್ಷೆಗೆ ರಕ್ತ ಕೊಟ್ಟಿದ್ದ. ಎಸ್‌ಜಿಪಿಟಿ ಐವತ್ತೆಂಟು ಬಂದಿತ್ತು. "ನಮ್ಮ ಮಷೀನಿಗೆ ತಲೆ ಕೆಟ್ಟಿದೆ, ಇಪ್ಪತ್ತು ಕಳಿ. ಆರಾಮಾಗಿರು ಹೋಗೋ," ಎಂದು ಬೆನ್ನು ತಟ್ಟಿ ಕಳಿಸಿದ್ದಳು. ಬೇರೆಯವರ ರಿಪೋರ್ಟಿನಲ್ಲಿ ಬಂದ ಅಂಕಿಯನ್ನೇ ಬರೆದಿದ್ದಳು. ಸ್ವಂತದವನಿಗೆ ಮಾತ್ರ ಬಾಯಲ್ಲೇ ಇಪ್ಪತ್ತು ಕಳೆದು ಕೊಟ್ಟಿದ್ದಳು. ಈಚೆಗೆ ಅವನಿಗೆ ಎಷ್ಟು ನೀರು ಕುಡಿದರೂ ದಾಹ ಹೋಗುತ್ತಿಲ್ಲವೆಂದು ತಮ್ಮನ ಹೆಂಡತಿ ಮೊನ್ನೆಯಷ್ಟೇ ಹೇಳಿದ್ದಳು.

ತಮ್ಮನಿಗೆ ಫೋನು ಮಾಡಿದಳು. "ನಾಳೆ ಬೆಳಿಗ್ಗೆ ಏನೂ ತಿನ್ನದೆ ಲ್ಯಾಬಿಗೆ ಬಾರೋ."

"ಏನಕ್ಕಾ, ಕೊನೆಗೂ ನಿನ್ನ ಮಷೀನು ರಿಪೇರಿ ಆಯ್ತಾ?" ತಮ್ಮ ನಕ್ಕ.

"ಅದು ಕೆಟ್ಟೇ ಇರ್ಲಿಲ್ಲ ಕಣೋ."

ಫೋನಿಟ್ಟು ಎರಡು ಖಾಲಿ ಟ್ಯೂಬು ತೆಗೆದಳು. ಒಂದರ ಮೇಲೆ ತಮ್ಮನ ಹೆಸರು ಬರೆದಳು. ಇನ್ನೊಂದರ ಮೇಲೆ, ಕೈ ಅಭ್ಯಾಸದಂತೆ 'ನಾ' ಎಂದು ಬರೆದು ನಿಂತಿತು. ಅಷ್ಟಕ್ಕೇ ಬಿಟ್ಟು ಪೆನ್ನಿನ ಮುಚ್ಚಳ ಹಾಕಿದಳು.